ಲಸಿಕೆ ಹೆಚ್ಚಿದಂತೆ ಆಸ್ಪತ್ರೆ ಸೇರುವವರು ಕಡಿಮೆಯಾದದ್ದು ಹೇಗೆ? ಕೋವಿಡ್ ಅಲೆಗಳು ಮತ್ತು ಸುಬ್ರಹ್ಮಣ್ಯ ಪರಿಸರ

ಕೋವಿಡ್ ಎಂಬುದು ಮುಗಿದ ಅಧ್ಯಾಯ ಎಂದು ನಮ್ಮಲ್ಲಿ ಹೆಚ್ಚಿನವರ ಭಾವನೆ. 2020ರ ಮಾರ್ಚ್ 11ರಂದು ಈ ರೋಗವನ್ನು ಜಾಗತಿಕ ಪಿಡುಗು ಎಂದು ಕರೆದ ವಿಶ್ವ ಆರೋಗ್ಯ ಸಂಸ್ಥೆ, 2023ರ ಮೇ 5ರಂದು ತುರ್ತು ಪರಿಸ್ಥಿತಿ ಮುಗಿಯಿತೆಂದು ಪ್ರಕಟಿಸಿದೆ. ಆದರೂ ಎರಡು ಮಾತುಗಳು ನಮ್ಮ ವಾರ್ಡಿನ ಸಭೆಗಳಲ್ಲಿ, ಮದುವೆ ಮನೆಗಳಲ್ಲಿ, ಸಾವಿನ ಮನೆಗಳಲ್ಲಿ ಈಗಲೂ ಕೇಳಿಬರುತ್ತಿವೆ. ಒಂದು, "ಲಸಿಕೆ ಹಾಕಿಸಿಕೊಂಡವರಿಗೂ ಕೊರೊನಾ ಬಂತಲ್ಲ, ಮತ್ತೆ ಪ್ರಯೋಜನ ಏನು?" ಎಂಬುದು. ಇನ್ನೊಂದು, "ಈಗ ಎಳೆಯರು ಹೃದಯಾಘಾತದಿಂದ ಸಾಯುವುದು ಆ ಲಸಿಕೆಯಿಂದಲೇ" ಎಂಬುದು.

ಈ ಮಾತುಗಳನ್ನು ತಮಾಷೆ ಎಂದು ಬಿಟ್ಟುಬಿಡುವಂತಿಲ್ಲ. ನಾಳೆ ಇನ್ನೊಂದು ಸಾಂಕ್ರಾಮಿಕ ಬಂದರೆ ಅಥವಾ ಮಕ್ಕಳಿಗೆ ದಡಾರ, ಪೋಲಿಯೊ ಲಸಿಕೆ ಹಾಕಿಸುವ ದಿನ ಬಂದರೆ, ಇದೇ ಸಂಶಯ ಮನೆಯ ಬಾಗಿಲು ಹಾಕಿಸಬಹುದು. ಆದುದರಿಂದ ಸುಬ್ರಹ್ಮಣ್ಯ, ಕಡಬ, ಸುಳ್ಯ, ಪುತ್ತೂರು ಪರಿಸರದ ವಿಶ್ವಾಸಿಗಳಿಗೂ ಧರ್ಮಕೇಂದ್ರಗಳ ಕಾರ್ಯಕರ್ತರಿಗೂ ಉಪಯೋಗವಾಗಲೆಂದು, ಮೂರು ಅಲೆಗಳಲ್ಲಿ ಲಸಿಕೆ ಹೇಗೆ ಸಾಗಿತು, ಆಸ್ಪತ್ರೆ ಸೇರುವವರ ಪ್ರಮಾಣ ಹೇಗೆ ಬದಲಾಯಿತು ಎಂಬ ಮಾಹಿತಿಯನ್ನು ನಾವು ಇಲ್ಲಿ ಒಟ್ಟುಗೂಡಿಸಿದ್ದೇವೆ.

ನಮ್ಮ ಪರಿಸರದ ಪರಿಸ್ಥಿತಿ

ಕುಮಾರ ಪರ್ವತದ ಬುಡದಲ್ಲಿರುವ ಸುಬ್ರಹ್ಮಣ್ಯವು ಮೊದಲು ಸುಳ್ಯ ತಾಲೂಕಿಗೆ ಸೇರಿತ್ತು, ಈಗ ಕಡಬ ತಾಲೂಕಿನಲ್ಲಿದೆ. ಕುಕ್ಕೆ ದೇವಸ್ಥಾನಕ್ಕೆ ನಾಡಿನ ಎಲ್ಲ ಕಡೆಗಳಿಂದ ಜನ ಬರುತ್ತಾರೆ. ಸುತ್ತಲಿನ ಬಿಳಿನೆಲೆ, ಕೊಂಬಾರು, ಪಂಜ, ಗುತ್ತಿಗಾರು, ಕೊಲ್ಲಮೊಗ್ರು ಮುಂತಾದ ಗ್ರಾಮಗಳಲ್ಲಿ ಅಡಿಕೆ ಮತ್ತು ರಬ್ಬರ್ ತೋಟಗಳ ನಡುವೆ ಮನೆಗಳು ದೂರ ದೂರ ಇವೆ. ಈ ಭಾಗದ ಕ್ರೈಸ್ತರಲ್ಲಿ ಮಂಗಳೂರು ಧರ್ಮಪ್ರಾಂತ್ಯದ ಕೊಂಕಣಿ ಮಾತನಾಡುವ ಕುಟುಂಬಗಳಿವೆ. ಕೇರಳದಿಂದ ಬಂದು ನೆಲೆಸಿದ ಸೀರೊ ಮಲಬಾರ್ ಮತ್ತು ಸೀರೊ ಮಲಂಕರ ಕುಟುಂಬಗಳೂ ಇವೆ. 1999ರಲ್ಲಿ ಬೆಳ್ತಂಗಡಿ ಧರ್ಮಪ್ರಾಂತ್ಯವೂ 2010ರಲ್ಲಿ ಪುತ್ತೂರು ಧರ್ಮಪ್ರಾಂತ್ಯವೂ ಸ್ಥಾಪನೆಯಾದದ್ದು ಇವರ ಪಾಲನೆಗಾಗಿ.

ಇಲ್ಲಿ ಒಬ್ಬರಿಗೆ ಜ್ವರ ಬಂದರೆ ಮೊದಲ ಮೆಟ್ಟಿಲು ಸುಬ್ರಹ್ಮಣ್ಯ, ಪಂಜ, ಗುತ್ತಿಗಾರು ಅಥವಾ ಕೊಲ್ಲಮೊಗ್ರಿನ ಪ್ರಾಥಮಿಕ ಆರೋಗ್ಯ ಕೇಂದ್ರ. ನಂತರ ಕಡಬದ ಸಮುದಾಯ ಆರೋಗ್ಯ ಕೇಂದ್ರ, ಸುಳ್ಯ ಮತ್ತು ಪುತ್ತೂರಿನ ತಾಲೂಕು ಆಸ್ಪತ್ರೆಗಳು, ಸುಳ್ಯದ ಕೆ.ವಿ.ಜಿ. ವೈದ್ಯಕೀಯ ಕಾಲೇಜು ಆಸ್ಪತ್ರೆ. ಕಾಯಿಲೆ ಉಲ್ಬಣಿಸಿದರೆ ಸುಮಾರು 105 ಕಿಲೋಮೀಟರ್ ದೂರದ ಮಂಗಳೂರಿಗೆ, ಅಲ್ಲಿನ ವೆನ್ಲಾಕ್, ಫಾದರ್ ಮುಲ್ಲರ್ ಮತ್ತಿತರ ಆಸ್ಪತ್ರೆಗಳಿಗೆ ಹೋಗಬೇಕು. 2020ರಲ್ಲಿ ವೆನ್ಲಾಕನ್ನು ಜಿಲ್ಲೆಯ ಕೋವಿಡ್ ಆಸ್ಪತ್ರೆಯನ್ನಾಗಿ ಮಾಡಲಾಗಿತ್ತು. ಉಸಿರು ಕಟ್ಟುತ್ತಿರುವ ರೋಗಿಗೆ ಈ ದಾರಿ ಬಹಳ ಉದ್ದ. ಆದುದರಿಂದ "ರೋಗ ಬಂದರೂ ಆಸ್ಪತ್ರೆಗೆ ಹೋಗುವ ಹಂತಕ್ಕೆ ಬರಬಾರದು" ಎಂಬುದು ಪೇಟೆಯವರಿಗಿಂತ ನಮ್ಮ ಹಳ್ಳಿಯವರಿಗೆ ಹೆಚ್ಚು ಮುಖ್ಯ. ಲಸಿಕೆಯ ವಿಚಾರವನ್ನು ನಾವು ಈ ದೃಷ್ಟಿಯಿಂದ ನೋಡಬೇಕು.

ಮೊದಲನೆಯ ಅಲೆ: ಲಸಿಕೆ ಇಲ್ಲದ ಕಾಲ (2020)

ಭಾರತದ ಮೊದಲ ಪ್ರಕರಣ 2020ರ ಜನವರಿ 30ರಂದು ಕೇರಳದ ತ್ರಿಶೂರಿನಲ್ಲಿ ದೃಢಪಟ್ಟಿತು. ಮಾರ್ಚ್ ತಿಂಗಳಲ್ಲಿ ದೇಶದ ಮೊದಲ ಕೋವಿಡ್ ಸಾವು ನಮ್ಮ ರಾಜ್ಯದ ಕಲಬುರಗಿಯಲ್ಲಿ ಸಂಭವಿಸಿತು. ದಕ್ಷಿಣ ಕನ್ನಡದ ಮೊದಲ ಪ್ರಕರಣ ಮಾರ್ಚ್ 22ರಂದು ವರದಿಯಾಯಿತು. ದುಬೈಯಿಂದ ಮಂಗಳೂರು ವಿಮಾನ ನಿಲ್ದಾಣಕ್ಕೆ ಬಂದಿದ್ದ ಭಟ್ಕಳದ ಯುವಕನಲ್ಲಿ ಸೋಂಕು ಕಂಡುಬಂದಿತ್ತು. ಮಾರ್ಚ್ 25ರಿಂದ ದೇಶವೇ ಲಾಕ್‌ಡೌನ್ ಆಯಿತು. ಕೇರಳದ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ತಲಪಾಡಿಯಲ್ಲಿ ತಡೆಯಲ್ಪಟ್ಟ ಕಹಿ ಘಟನೆಗಳೂ ನಡೆದವು. ಆ ವರ್ಷ ಏಪ್ರಿಲ್ 10ರ ಶುಭ ಶುಕ್ರವಾರ ಮತ್ತು 12ರ ಈಸ್ಟರ್ ಬಲಿಪೂಜೆಯನ್ನು ವಿಶ್ವಾಸಿಗಳು ಮನೆಯಲ್ಲಿ ಕುಳಿತು ಮೊಬೈಲ್ ಮತ್ತು ಟಿ.ವಿ.ಯಲ್ಲಿ ನೋಡಬೇಕಾಯಿತು. ಜೂನ್ 8ರ ನಂತರ ಮಾತ್ರ ಪ್ರಾರ್ಥನಾ ಮಂದಿರಗಳನ್ನು ತೆರೆಯಲು ಸರಕಾರ ಅವಕಾಶ ನೀಡಿತು.

ಈ ಅಲೆಯಲ್ಲಿ ನಮ್ಮ ಕೈಯಲ್ಲಿದ್ದ ಸಾಧನಗಳು ಮಾಸ್ಕ್, ಅಂತರ, ಕೈ ತೊಳೆಯುವುದು ಇಷ್ಟೇ. ರೋಗ ನಿರೋಧಕ ಶಕ್ತಿ ಸಿಗಬೇಕಾದರೆ ರೋಗ ಬಂದು ಹೋಗುವುದೊಂದೇ ದಾರಿ, ಅದಕ್ಕೆ ಪ್ರಾಣವನ್ನೇ ಪಣವಿಡಬೇಕಿತ್ತು.

ಎರಡನೆಯ ಅಲೆ: ಲಸಿಕೆ ಬಂದರೂ ಕೈಗೆ ಸಿಗದ ಕಾಲ (2021)

2021ರ ಏಪ್ರಿಲ್ 4ರಂದು ಈಸ್ಟರ್ ಹಬ್ಬ. ಅದಾಗಿ ಕೆಲವೇ ವಾರಗಳಲ್ಲಿ ಡೆಲ್ಟಾ ಎಂಬ ರೂಪಾಂತರಿ ದೇಶವನ್ನು ಆವರಿಸಿತು. ಕರ್ನಾಟಕದಲ್ಲಿ ಏಪ್ರಿಲ್ 27ರಿಂದ ಬಿಗಿ ನಿರ್ಬಂಧಗಳು ಜಾರಿಯಾದವು. ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50,112 ಹೊಸ ಪ್ರಕರಣಗಳು ದಾಖಲಾದವು. ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ನಡುವೆ 24 ರೋಗಿಗಳು ಮೃತಪಟ್ಟ ಸುದ್ದಿ ಎಲ್ಲರನ್ನೂ ನಡುಗಿಸಿತು. ಮೇ 5ರಂದು ನೌಕಾಪಡೆಯ ಐಎನ್‌ಎಸ್ ತಲ್ವಾರ್ ಹಡಗು ಬಹ್ರೇನ್‌ನಿಂದ 40 ಟನ್ ದ್ರವ ಆಮ್ಲಜನಕ ಹೊತ್ತು ನವಮಂಗಳೂರು ಬಂದರಿಗೆ ಬಂತು. ನಮ್ಮ ಮಕ್ಕಳು ದುಡಿಯಲು ಹೋಗುವ ಗಲ್ಫ್ ನಾಡಿನಿಂದ ಉಸಿರು ಬಂದಿಳಿದ ದಿನ ಅದು.

ಜೂನ್ 14ರಂದು ರಾಜ್ಯದ ಹೆಚ್ಚಿನ ಜಿಲ್ಲೆಗಳಲ್ಲಿ ನಿರ್ಬಂಧ ಸಡಿಲವಾದಾಗಲೂ ಸೋಂಕು ಇಳಿಯದ 11 ಜಿಲ್ಲೆಗಳಲ್ಲಿ ಬಿಗಿ ಮುಂದುವರಿಯಿತು. ದಕ್ಷಿಣ ಕನ್ನಡ, ಅದರ ನೆರೆಯ ಕೊಡಗು, ಹಾಸನ, ಚಿಕ್ಕಮಗಳೂರು ಆ ಪಟ್ಟಿಯಲ್ಲಿದ್ದವು. ಆಗಸ್ಟ್ ಆರಂಭದಲ್ಲಿ ಕೇರಳದಲ್ಲಿ ಪ್ರಕರಣಗಳು ಹೆಚ್ಚಿದಾಗ, ಅಲ್ಲಿಂದ ಬರುವವರು ಲಸಿಕೆ ಪಡೆದಿದ್ದರೂ ಆರ್‌ಟಿಪಿಸಿಆರ್ ಪರೀಕ್ಷೆಯ ನೆಗೆಟಿವ್ ವರದಿ ತರಬೇಕೆಂದು ಕರ್ನಾಟಕ ಕಡ್ಡಾಯ ಮಾಡಿತು. ಕುಕ್ಕೆ, ಧರ್ಮಸ್ಥಳ, ಕಟೀಲು ದೇವಸ್ಥಾನಗಳಲ್ಲಿ ವಾರಾಂತ್ಯದ ದರ್ಶನಕ್ಕೆ ಜಿಲ್ಲಾಡಳಿತ ತಡೆ ಹಾಕಿತು. ಯಾತ್ರಿಕರನ್ನು ನಂಬಿದ ಸುಬ್ರಹ್ಮಣ್ಯದ ಅಂಗಡಿ, ಹೋಟೆಲು, ಜೀಪು, ಆಟೊದವರಿಗೆ ಜಾತಿ ಮತದ ಭೇದವಿಲ್ಲದೆ ಇದರ ಹೊಡೆತ ಬಿತ್ತು.

ಈ ಅಲೆಯ ಹೊತ್ತಿಗೆ ಲಸಿಕೆ ಎಲ್ಲಿತ್ತು? ದಿನಾಂಕಗಳನ್ನು ಗಮನಿಸಿ:

1. 2021ರ ಜನವರಿ 16: ಕೋವಿಶೀಲ್ಡ್ ಮತ್ತು ಕೊವ್ಯಾಕ್ಸಿನ್ ಲಸಿಕೆಗಳೊಂದಿಗೆ ಆರೋಗ್ಯ ಕಾರ್ಯಕರ್ತರಿಂದ ಆರಂಭ.
2. ಫೆಬ್ರವರಿ 2: ಪೊಲೀಸರು ಮುಂತಾದ ಮುಂಚೂಣಿ ಕಾರ್ಯಕರ್ತರಿಗೆ.
3. ಮಾರ್ಚ್ 1: 60 ವರ್ಷ ಮೀರಿದವರಿಗೆ ಮತ್ತು ಬೇರೆ ಕಾಯಿಲೆಗಳಿರುವ 45 ಮೀರಿದವರಿಗೆ.
4. ಏಪ್ರಿಲ್ 1: 45 ಮೀರಿದ ಎಲ್ಲರಿಗೆ.
5. ಮೇ 1: 18 ಮೀರಿದ ಎಲ್ಲರಿಗೆ ಎಂದು ಘೋಷಣೆ. ಕರ್ನಾಟಕದಲ್ಲಿ ಮೇ 10ರಂದು ಆರಂಭವಾಗಿ, ದಾಸ್ತಾನು ಸಾಲದೆ ಮೇ 14ರಿಂದ ನಿಂತಿತು. ಇದ್ದ ಲಸಿಕೆಯನ್ನು 45 ಮೀರಿದವರ ಎರಡನೆಯ ಡೋಸಿಗೆ ಮೀಸಲಿಡಲಾಯಿತು.
6. ಮೇ 13: ಕೋವಿಶೀಲ್ಡ್ ಎರಡು ಡೋಸುಗಳ ಅಂತರ 12ರಿಂದ 16 ವಾರಗಳಿಗೆ ಏರಿಕೆ.
7. ಜೂನ್ 21: 18 ಮೀರಿದ ಎಲ್ಲರಿಗೆ ಕೇಂದ್ರ ಸರಕಾರದಿಂದ ಉಚಿತ ಲಸಿಕೆ.

ಅಂದರೆ ರೋಗದ ಅಲೆ ತುದಿಗೇರಿದ್ದು ಮೇ ತಿಂಗಳಲ್ಲಿ, ಸಾಮಾನ್ಯ ಜನರಿಗೆ ಲಸಿಕೆ ಸರಾಗವಾಗಿ ಸಿಗಲು ಆರಂಭವಾದದ್ದು ಜೂನ್ ಅಂತ್ಯದಿಂದ. ಎರಡನೆಯ ಅಲೆಯಲ್ಲಿ ಸತ್ತವರಲ್ಲಿ ಹೆಚ್ಚಿನವರಿಗೆ ಎರಡು ಡೋಸು ಪಡೆಯುವ ಅವಕಾಶವೇ ದೊರೆತಿರಲಿಲ್ಲ.

ನೆಟ್‌ವರ್ಕ್ ಇಲ್ಲದ ಊರಿನಲ್ಲಿ ಆನ್‌ಲೈನ್ ನೋಂದಣಿ

18ರಿಂದ 44 ವರ್ಷದವರು ಮೊದಲು ಕೋವಿನ್ ಜಾಲತಾಣದಲ್ಲಿ ಹೆಸರು ನೋಂದಾಯಿಸಿ ಸಮಯ ಕಾದಿರಿಸಬೇಕಿತ್ತು. ಪೇಟೆಯಲ್ಲೇ ಇದು ಕಷ್ಟವಾಗಿತ್ತು, ನಮ್ಮ ಗುಡ್ಡಗಾಡಿನ ಸ್ಥಿತಿ ಹೇಳುವುದೇ ಬೇಡ. 2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕ್ಕದಲ್ಲಿ ಮಳೆಯ ನಡುವೆ ರಸ್ತೆ ಬದಿಯಲ್ಲಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರ ದೇಶವಿಡೀ ಹರಡಿತು. ಪಾಠಕ್ಕೆ ಸಿಗದ ನೆಟ್‌ವರ್ಕ್ ಲಸಿಕೆಯ ನೋಂದಣಿಗೆ ಎಲ್ಲಿಂದ ಸಿಗಬೇಕು? ಅದೇ ಸುಮಾರಿಗೆ ಸುಪ್ರೀಂ ಕೋರ್ಟ್ ಕೂಡ ಈ ಅಸಮಾನತೆಯನ್ನು ಪ್ರಶ್ನಿಸಿತ್ತು. ನಂತರ ನೇರವಾಗಿ ಕೇಂದ್ರಕ್ಕೆ ಹೋಗಿ ಹೆಸರು ಬರೆಸುವ ವ್ಯವಸ್ಥೆ ಬಂತು. 2021ರ ನವೆಂಬರ್‌ನಲ್ಲಿ 'ಹರ್ ಘರ್ ದಸ್ತಕ್' ಎಂಬ ಹೆಸರಿನಲ್ಲಿ ಮನೆ ಮನೆಗೆ ಹೋಗಿ ಲಸಿಕೆ ಹಾಕುವ ಅಭಿಯಾನ ದೇಶದಲ್ಲಿ ಆರಂಭವಾಯಿತು. ನಮ್ಮ ಕಡೆ ಈ ಕೆಲಸದ ಭಾರ ಹೊತ್ತವರು ಆಶಾ ಕಾರ್ಯಕರ್ತೆಯರು ಮತ್ತು ಉಪಕೇಂದ್ರಗಳ ಆರೋಗ್ಯ ಸಹಾಯಕಿಯರು. ಅವರನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಕರಾವಳಿಯ ಕುಟುಂಬಗಳಿಗೆ ಇನ್ನೊಂದು ತೊಂದರೆಯೂ ಇತ್ತು. ಗಲ್ಫ್‌ಗೆ ಮರಳಬೇಕಾದವರಿಗೆ 12 ವಾರ ಕಾಯುವುದು ಸಾಧ್ಯವಿರಲಿಲ್ಲ. 2021ರ ಜೂನ್‌ನಲ್ಲಿ ಉದ್ಯೋಗ ಮತ್ತು ವಿದ್ಯಾಭ್ಯಾಸಕ್ಕೆ ವಿದೇಶಕ್ಕೆ ಹೋಗುವವರಿಗೆ ಕೋವಿಶೀಲ್ಡ್ ಎರಡನೆಯ ಡೋಸನ್ನು 28 ದಿನಗಳ ನಂತರ ಕೊಡಲು ಅನುಮತಿ ಸಿಕ್ಕಿತು. ಕೊವ್ಯಾಕ್ಸಿನ್ ಪಡೆದವರು ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆಗಾಗಿ ನವೆಂಬರ್ 3ರವರೆಗೆ ಕಾಯಬೇಕಾಯಿತು.

ಮೂರನೆಯ ಅಲೆ: ಲಸಿಕೆ ಹರಡಿದ ನಂತರ (2022)

2021ರ ಅಕ್ಟೋಬರ್ 21ರಂದು ದೇಶದಲ್ಲಿ ನೀಡಿದ ಡೋಸುಗಳ ಸಂಖ್ಯೆ 100 ಕೋಟಿ ದಾಟಿತು. ಡಿಸೆಂಬರ್ 2ರಂದು ಭಾರತದ ಮೊದಲ ಎರಡು ಓಮಿಕ್ರಾನ್ ಪ್ರಕರಣಗಳು ಕರ್ನಾಟಕದಲ್ಲಿಯೇ ಪತ್ತೆಯಾದವು. ಕ್ರಿಸ್ಮಸ್ ಮುಗಿದ ಕೂಡಲೇ ಸೋಂಕು ಮೇಲೇರಿತು. ಜನವರಿ 3ರಿಂದ 15ರಿಂದ 18 ವರ್ಷದ ಮಕ್ಕಳಿಗೆ ಲಸಿಕೆ, ಜನವರಿ 10ರಿಂದ ಆರೋಗ್ಯ ಮತ್ತು ಮುಂಚೂಣಿ ಕಾರ್ಯಕರ್ತರಿಗೆ ಹಾಗೂ ಬೇರೆ ಕಾಯಿಲೆಗಳಿರುವ 60 ಮೀರಿದವರಿಗೆ ಮುನ್ನೆಚ್ಚರಿಕೆ ಡೋಸು ಆರಂಭವಾಯಿತು. ಜನವರಿ 23ರಂದು ರಾಜ್ಯದಲ್ಲಿ ಒಂದೇ ದಿನ 50,210 ಪ್ರಕರಣಗಳು ದಾಖಲಾದವು. ಅಂದರೆ ಸೋಂಕಿನ ಸಂಖ್ಯೆ ಎರಡನೆಯ ಅಲೆಯ ತುದಿಯಷ್ಟೇ ಇತ್ತು. ಆದರೆ ಆಸ್ಪತ್ರೆಗಳ ಮುಂದೆ 2021ರ ಮೇ ತಿಂಗಳ ನೋಟ ಕಾಣಿಸಲಿಲ್ಲ.

ಕೇಂದ್ರ ಆರೋಗ್ಯ ಸಚಿವಾಲಯ 2022ರ ಜನವರಿ 20ರಂದು ಎರಡು ದಿನಗಳ ಅಂಕಿ ಅಂಶಗಳನ್ನು ಹೋಲಿಸಿ ತೋರಿಸಿತು. ದೇಶದ ಲೆಕ್ಕ ಹೀಗಿದೆ:

2021ರ ಏಪ್ರಿಲ್ 30: ಹೊಸ ಪ್ರಕರಣ 3,86,452. ಸಾವು 3,059. ಸಕ್ರಿಯ ಪ್ರಕರಣ 31,70,228. ಎರಡೂ ಡೋಸು ಪಡೆದವರು ಶೇ. 2.

2022ರ ಜನವರಿ 20: ಹೊಸ ಪ್ರಕರಣ 3,17,532. ಸಾವು 380. ಸಕ್ರಿಯ ಪ್ರಕರಣ 19,24,051. ಎರಡೂ ಡೋಸು ಪಡೆದವರು ಶೇ. 72.

ಹೊಸ ಪ್ರಕರಣಗಳು ಸುಮಾರು ಐದರಲ್ಲಿ ಒಂದು ಪಾಲು ಮಾತ್ರ ಕಡಿಮೆ. ಸಾವುಗಳಾದರೋ ಎಂಟರಲ್ಲಿ ಒಂದು ಪಾಲಿಗೆ ಇಳಿದವು. ಅದೇ ಜನವರಿ 10ರಂದು ಕೇಂದ್ರದ ಆರೋಗ್ಯ ಕಾರ್ಯದರ್ಶಿ ರಾಜ್ಯಗಳಿಗೆ ಬರೆದ ಪತ್ರದಲ್ಲಿ ಆಸ್ಪತ್ರೆಯ ವಿಚಾರ ಬಂದಿತ್ತು. ಎರಡನೆಯ ಅಲೆಯಲ್ಲಿ ಸಕ್ರಿಯ ರೋಗಿಗಳಲ್ಲಿ ಶೇ. 20ರಿಂದ 23 ಮಂದಿಗೆ ಆಸ್ಪತ್ರೆ ಬೇಕಾಗಿತ್ತು, ಮೂರನೆಯ ಅಲೆಯಲ್ಲಿ ಅಲ್ಲಿಯವರೆಗೆ ಶೇ. 5ರಿಂದ 10 ಮಂದಿಗೆ ಮಾತ್ರ ಬೇಕಾಯಿತು ಎಂದು ಅದರಲ್ಲಿ ತಿಳಿಸಲಾಗಿತ್ತು. ನೂರು ರೋಗಿಗಳಿರುವ ಊರನ್ನು ಕಲ್ಪಿಸಿಕೊಂಡರೆ, ಮೊದಲು ಇಪ್ಪತ್ತಕ್ಕಿಂತ ಹೆಚ್ಚು ಮಂದಿ ಆಂಬ್ಯುಲೆನ್ಸ್ ಹತ್ತಬೇಕಿತ್ತು, ನಂತರ ಐದರಿಂದ ಹತ್ತು ಮಂದಿ. ಮಂಗಳೂರಿಗೆ ನೂರು ಕಿಲೋಮೀಟರ್ ಮೀರಿ ದೂರವಿರುವ ಸುಬ್ರಹ್ಮಣ್ಯದಂಥ ಊರಿಗೆ ಈ ವ್ಯತ್ಯಾಸದ ಬೆಲೆ ಏನೆಂದು ವಿವರಿಸಬೇಕಾಗಿಲ್ಲ.

ಇದೆಲ್ಲವೂ ಲಸಿಕೆಯ ಫಲವೇ?

ಎಲ್ಲವೂ ಅಲ್ಲ. ಸತ್ಯವನ್ನು ಪೂರ್ತಿಯಾಗಿ ಹೇಳಬೇಕು. ಆಸ್ಪತ್ರೆ ಸೇರುವವರು ಕಡಿಮೆಯಾಗಲು ಮೂರು ಕಾರಣಗಳು ಕೂಡಿದ್ದವು.

ಮೊದಲನೆಯದು, ಓಮಿಕ್ರಾನ್ ಡೆಲ್ಟಾದಷ್ಟು ಶ್ವಾಸಕೋಶವನ್ನು ಕೆಡಿಸುತ್ತಿರಲಿಲ್ಲ. ಎರಡನೆಯದು, ಆ ಹೊತ್ತಿಗೆ ಬಹಳ ಮಂದಿಗೆ ರೋಗ ಬಂದು ಹೋಗಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2021ರ ಜೂನ್-ಜುಲೈಯಲ್ಲಿ ನಡೆಸಿದ ರಕ್ತ ಸಮೀಕ್ಷೆಯಲ್ಲಿ ಶೇ. 67.6 ಮಂದಿಯಲ್ಲಿ ಪ್ರತಿಕಾಯಗಳು ಕಂಡುಬಂದಿದ್ದವು. ಇದರಲ್ಲಿ ಲಸಿಕೆಯ ಪಾಲೂ ಇತ್ತು, ಸೋಂಕಿನ ಪಾಲು ದೊಡ್ಡದಿತ್ತು. ಮೂರನೆಯದು ಲಸಿಕೆ.

ಹಾಗಾದರೆ ಲಸಿಕೆಯ ಪಾಲನ್ನು ಬೇರ್ಪಡಿಸಿ ನೋಡುವುದು ಹೇಗೆ? ಒಂದೇ ಕಾಲದಲ್ಲಿ, ಒಂದೇ ರೀತಿಯ ಕೆಲಸದಲ್ಲಿರುವ ಲಸಿಕೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಬೇಕು. ಇಂತಹ ಎರಡು ಅಧ್ಯಯನಗಳು ನಮ್ಮ ಪಕ್ಕದ ತಮಿಳುನಾಡಿನಲ್ಲಿ ಎರಡನೆಯ ಅಲೆಯ ನಡುವೆಯೇ ನಡೆದವು.

ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ತನ್ನ ಸುಮಾರು 10,600 ಸಿಬ್ಬಂದಿಯ ಲೆಕ್ಕ ತೆಗೆಯಿತು. ಅವರಲ್ಲಿ 8,991 ಮಂದಿ ಲಸಿಕೆ ಪಡೆದಿದ್ದರು, ಹೆಚ್ಚಿನವರದು ಕೋವಿಶೀಲ್ಡ್. ಎರಡು ಡೋಸು ಪಡೆದವರಿಗೆ ಸೋಂಕಿನಿಂದ ಶೇ. 65, ಆಸ್ಪತ್ರೆ ಸೇರುವುದರಿಂದ ಶೇ. 77, ಆಮ್ಲಜನಕ ಬೇಕಾಗುವುದರಿಂದ ಶೇ. 92, ತೀವ್ರ ನಿಗಾ ಘಟಕ ಸೇರುವುದರಿಂದ ಶೇ. 94 ರಕ್ಷಣೆ ಸಿಕ್ಕಿತೆಂದು ತಿಳಿಯಿತು. ಈ ನಾಲ್ಕು ಸಂಖ್ಯೆಗಳು ಮೇಲೇರುವ ಕ್ರಮವನ್ನು ಗಮನಿಸಬೇಕು. ಲಸಿಕೆ ಸೋಂಕನ್ನು ಪೂರ್ತಿಯಾಗಿ ತಡೆಯಲಿಲ್ಲ, ಕಾಯಿಲೆ ಕೆಡುತ್ತಾ ಹೋದಂತೆ ಅದರ ರಕ್ಷಣೆ ಹೆಚ್ಚು ಬಲವಾಗಿತ್ತು. "ಹಾಕಿಸಿಕೊಂಡವರಿಗೂ ಬಂತಲ್ಲ" ಎಂಬ ಮಾತಿಗೆ ಉತ್ತರ ಇಲ್ಲಿದೆ.

ಎರಡನೆಯದು ತಮಿಳುನಾಡಿನ 1,17,524 ಪೊಲೀಸರ ಅಧ್ಯಯನ. 2021ರ ಫೆಬ್ರವರಿ 1ರಿಂದ ಮೇ 14ರವರೆಗೆ ಅವರಲ್ಲಿ 31 ಮಂದಿ ಕೋವಿಡ್‌ನಿಂದ ಮೃತಪಟ್ಟರು. ಲಸಿಕೆ ಪಡೆಯದ 17,059 ಮಂದಿಯಲ್ಲಿ 20 ಸಾವು. ಒಂದು ಡೋಸು ಪಡೆದ 32,792 ಮಂದಿಯಲ್ಲಿ 7 ಸಾವು. ಎರಡು ಡೋಸು ಪಡೆದ 67,673 ಮಂದಿಯಲ್ಲಿ 4 ಸಾವು. ಎರಡು ಡೋಸು ಸಾವಿನಿಂದ ಶೇ. 95ರಷ್ಟು ರಕ್ಷಣೆ ನೀಡಿತ್ತು.

"ಓಮಿಕ್ರಾನ್ ತಾನಾಗಿಯೇ ಸಾಧುವಾಗಿತ್ತು, ಲಸಿಕೆ ಬೇಕಾಗಿರಲಿಲ್ಲ" ಎನ್ನುವವರು ಹಾಂಕಾಂಗ್ ನಗರವನ್ನು ನೋಡಬೇಕು. ಅಲ್ಲಿ ಹಿಂದಿನ ಅಲೆಗಳು ಚಿಕ್ಕವಾಗಿದ್ದುದರಿಂದ ಹೆಚ್ಚಿನವರಿಗೆ ರೋಗ ಬಂದಿರಲಿಲ್ಲ. ಅತಿ ವೃದ್ಧರಲ್ಲಿ ಬಹಳ ಮಂದಿ ಭಯದಿಂದ ಲಸಿಕೆಯನ್ನೂ ಹಾಕಿಸಿಕೊಂಡಿರಲಿಲ್ಲ. 2022ರ ಫೆಬ್ರವರಿ-ಮಾರ್ಚ್‌ನಲ್ಲಿ ಅದೇ ಓಮಿಕ್ರಾನ್ ಬಂದಾಗ ಸಾವಿರಾರು ಹಿರಿಯರು ಸತ್ತರು. ಸತ್ತವರಲ್ಲಿ ಹೆಚ್ಚಿನವರು ಪೂರ್ಣ ಲಸಿಕೆ ಪಡೆಯದ ವೃದ್ಧರಾಗಿದ್ದರು.

ಆಸ್ಪತ್ರೆಯ ಅಂಕಿ ಅಂಶ ಓದುವಾಗ ಆಗುವ ತಪ್ಪು

ಮೂರನೆಯ ಅಲೆಯಲ್ಲಿ "ಆಸ್ಪತ್ರೆಯಲ್ಲಿರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಲಸಿಕೆ ಪಡೆದವರೇ" ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಓಡಾಡಿತು. ಸಂಖ್ಯೆ ನಿಜವಾಗಿದ್ದರೂ ಅರ್ಥ ತಪ್ಪಾಗಿರಬಹುದು. ತಿಳಿಯಲು ಒಂದು ಸರಳ ಲೆಕ್ಕ ಮಾಡೋಣ. ಇದು ಕೇವಲ ಉದಾಹರಣೆ.

ಒಂದು ಧರ್ಮಕೇಂದ್ರದಲ್ಲಿ 1,000 ಮಂದಿ ವಯಸ್ಕರಿದ್ದಾರೆ. ಅವರಲ್ಲಿ 900 ಮಂದಿ ಲಸಿಕೆ ಪಡೆದಿದ್ದಾರೆ, 100 ಮಂದಿ ಪಡೆದಿಲ್ಲ. ಅಲೆ ಬಂದಾಗ ಲಸಿಕೆ ಪಡೆದವರಲ್ಲಿ 9 ಮಂದಿ, ಪಡೆಯದವರಲ್ಲಿ 6 ಮಂದಿ ಆಸ್ಪತ್ರೆ ಸೇರಿದರು. ಒಟ್ಟು 15 ಮಂದಿಯಲ್ಲಿ 9 ಮಂದಿ, ಅಂದರೆ ಶೇ. 60, ಲಸಿಕೆ ಪಡೆದವರೇ. ಆದರೆ 900ರಲ್ಲಿ 9 ಎಂದರೆ ನೂರಕ್ಕೆ ಒಬ್ಬರು, 100ರಲ್ಲಿ 6 ಎಂದರೆ ನೂರಕ್ಕೆ ಆರು ಮಂದಿ. ಲಸಿಕೆ ಪಡೆಯದವರಿಗೆ ಅಪಾಯ ಆರು ಪಟ್ಟು. ಆದುದರಿಂದ ಆಸ್ಪತ್ರೆಯಲ್ಲಿ ಎಷ್ಟು ಮಂದಿ ಎಂದು ಕೇಳುವುದರ ಜೊತೆಗೆ, ಊರಿನಲ್ಲಿ ಎಷ್ಟು ಮಂದಿಯಲ್ಲಿ ಎಂದೂ ಕೇಳಬೇಕು.

ಇನ್ನೆರಡು ವಿಷಯಗಳೂ ನೆನಪಿರಲಿ. ಆಸ್ಪತ್ರೆ ಸೇರುವವರ ಸಂಖ್ಯೆ ಸೋಂಕಿನ ಸಂಖ್ಯೆಗಿಂತ ವಾರ, ಹತ್ತು ದಿನ ತಡವಾಗಿ ಏರುತ್ತದೆ, ಸಾವಿನ ಸಂಖ್ಯೆ ಇನ್ನೂ ತಡವಾಗಿ. ಸೋಂಕು ಇಳಿಯಿತೆಂದು ಮೈಮರೆಯುವ ಹೊತ್ತಿಗೆ ಹಾಸಿಗೆಗಳು ತುಂಬಿರುತ್ತವೆ. ಹಾಗೆಯೇ ಹೆರಿಗೆಗೋ ಕಾಲು ಮುರಿತಕ್ಕೋ ಬಂದವರಲ್ಲಿ ಪರೀಕ್ಷೆಯಿಂದ ಸೋಂಕು ಗೊತ್ತಾದರೂ ಅವರು ಕೋವಿಡ್ ರೋಗಿಗಳ ಲೆಕ್ಕದಲ್ಲಿ ಸೇರುವುದುಂಟು. ಓಮಿಕ್ರಾನ್ ಕಾಲದಲ್ಲಿ ಆಮ್ಲಜನಕ ಮತ್ತು ತೀವ್ರ ನಿಗಾ ಘಟಕದ ಹಾಸಿಗೆಗಳ ಸಂಖ್ಯೆಯೇ ಹೆಚ್ಚು ನಂಬಬಹುದಾದ ಅಳತೆಯಾಗಿತ್ತು.

ಧರ್ಮಸಭೆಯ ನಿಲುವು

ಕೆಲವು ಲಸಿಕೆಗಳ ತಯಾರಿ ಅಥವಾ ಪರೀಕ್ಷೆಯಲ್ಲಿ, ಹಲವು ದಶಕಗಳ ಹಿಂದೆ ಗರ್ಭಪಾತವಾದ ಭ್ರೂಣದಿಂದ ಪಡೆದ ಕೋಶಗಳ ಸಂತತಿಯನ್ನು ಬಳಸಲಾಗಿದೆ ಎಂಬುದು ನಮ್ಮ ಅನೇಕ ವಿಶ್ವಾಸಿಗಳ ಮನಸ್ಸಾಕ್ಷಿಯನ್ನು ಕಾಡಿದ ಪ್ರಶ್ನೆ. ಕೋವಿಶೀಲ್ಡ್‌ಗೆ ಅಂತಹ ಕೋಶಗಳ ಬಳಕೆಯಿತ್ತು. ಕೊವ್ಯಾಕ್ಸಿನ್ ತಯಾರಿಗೆ ಮಂಗನ ಮೂತ್ರಪಿಂಡದಿಂದ ಬೆಳೆಸಿದ ಕೋಶಗಳನ್ನು ಬಳಸಲಾಗಿತ್ತು. ಈ ಬಗ್ಗೆ ವ್ಯಾಟಿಕನ್‌ನ ವಿಶ್ವಾಸ ಬೋಧನಾ ಪೀಠವು 2020ರ ಡಿಸೆಂಬರ್ 21ರಂದು ಸ್ಪಷ್ಟನೆ ನೀಡಿತು. ಆಕ್ಷೇಪವಿಲ್ಲದ ಬೇರೆ ಲಸಿಕೆ ದೊರೆಯದ ಸಂದರ್ಭದಲ್ಲಿ ಇಂತಹ ಲಸಿಕೆಯನ್ನು ಪಡೆಯುವುದು ನೈತಿಕವಾಗಿ ಒಪ್ಪತಕ್ಕದ್ದು, ಅದರಿಂದ ಗರ್ಭಪಾತವನ್ನು ಒಪ್ಪಿದಂತೆ ಆಗುವುದಿಲ್ಲ ಎಂಬುದು ಅದರ ಸಾರ. ಲಸಿಕೆ ಸ್ವಇಚ್ಛೆಯಿಂದ ಆಗಬೇಕು, ಆದರೆ ಮನಸ್ಸಾಕ್ಷಿಯ ಕಾರಣದಿಂದ ನಿರಾಕರಿಸುವವರು ತಮ್ಮಿಂದ ಇತರರಿಗೆ ರೋಗ ಹರಡದಂತೆ ಬೇರೆ ಎಲ್ಲ ಕ್ರಮಗಳನ್ನು ಕೈಗೊಳ್ಳಬೇಕು ಎಂದೂ ಅದು ಹೇಳಿತು. ಬಡ ರಾಷ್ಟ್ರಗಳಿಗೂ ಲಸಿಕೆ ಸಿಗುವಂತೆ ಮಾಡುವುದು ನೈತಿಕ ಕರ್ತವ್ಯ ಎಂದು ನೆನಪಿಸಿತು.

2021ರ ಜನವರಿಯಲ್ಲಿ ಜಗದ್ಗುರು ಫ್ರಾನ್ಸಿಸ್ ಮತ್ತು ನಿವೃತ್ತ ಜಗದ್ಗುರು 16ನೇ ಬೆನೆಡಿಕ್ಟ್ ಇಬ್ಬರೂ ಲಸಿಕೆ ಪಡೆದರು. ಆಗಸ್ಟ್‌ನಲ್ಲಿ ನೀಡಿದ ಸಂದೇಶದಲ್ಲಿ ಜಗದ್ಗುರು ಫ್ರಾನ್ಸಿಸ್ ಲಸಿಕೆ ಪಡೆಯುವುದನ್ನು ಪ್ರೀತಿಯ ಕಾರ್ಯ ಎಂದು ಬಣ್ಣಿಸಿದರು.

ಕರಾವಳಿಯ ಧರ್ಮಸಭೆಗೆ ರೋಗಿಗಳ ಸೇವೆ ಹೊಸದಲ್ಲ. 1880ರಲ್ಲಿ ಯೇಸುಸಭೆಯ ಫಾದರ್ ಅಗಸ್ಟಸ್ ಮುಲ್ಲರ್ ಕಂಕನಾಡಿಯಲ್ಲಿ ಔಷಧಾಲಯ ತೆರೆದರು, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ನೀಡಿದರು. ರೋಗಿಗೆ ಹೆದರಿ ಊರು ದೂರ ಸರಿದಾಗ ಹತ್ತಿರ ಹೋಗುವುದು ಆ ಪರಂಪರೆ. ಲೂಕನ ಶುಭಸಂದೇಶದ ಸಮಾರಿಯದವನ ಕಥೆಯೂ ಇದನ್ನೇ ಕಲಿಸುತ್ತದೆ.

ಈಗಲೂ ಕೇಳುವ ಸಂಶಯಗಳು

ಲಸಿಕೆಯಿಂದ ಹೃದಯಾಘಾತ ಆಗುತ್ತಿದೆಯೇ?
2025ರ ಮೇ-ಜೂನ್‌ನಲ್ಲಿ ಘಟ್ಟದ ಮೇಲಿನ ಹಾಸನ ಜಿಲ್ಲೆಯಲ್ಲಿ ಸುಮಾರು ನಲ್ವತ್ತು ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಮೃತಪಟ್ಟ ಸುದ್ದಿ ಬಂದಾಗ ಈ ಭಯ ಮತ್ತೆ ಎದ್ದಿತು. ಬಿಸಿಲೆ ಘಾಟಿ ಇಳಿದರೆ ಸುಬ್ರಹ್ಮಣ್ಯ, ಸುದ್ದಿಗೆ ದೂರವಿರಲಿಲ್ಲ. ರಾಜ್ಯ ಸರಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿಯಿಂದ ವರದಿ ಪಡೆಯಿತು. ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಂಡುಬಂದಿಲ್ಲ ಎಂದು ಸಮಿತಿ ತಿಳಿಸಿತು. ಇದಕ್ಕೆ ಮೊದಲು, 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 47 ಆಸ್ಪತ್ರೆಗಳಿಂದ 18ರಿಂದ 45 ವರ್ಷದವರ 729 ಹಠಾತ್ ಸಾವುಗಳನ್ನು ಪರಿಶೀಲಿಸಿತ್ತು. ಎರಡು ಡೋಸು ಪಡೆದವರಲ್ಲಿ ಇಂತಹ ಸಾವಿನ ಸಂಭವ ಕಡಿಮೆಯಿತ್ತು. ಸಂಭವ ಹೆಚ್ಚಿದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಕುಟುಂಬದಲ್ಲಿ ಹಠಾತ್ ಸಾವು ಸಂಭವಿಸಿದ್ದವರಲ್ಲಿ, ಸಾವಿನ ಹಿಂದಿನ ಎರಡು ದಿನಗಳಲ್ಲಿ ವಿಪರೀತ ಮದ್ಯ ಸೇವಿಸಿದ್ದವರಲ್ಲಿ ಅಥವಾ ಅತಿಯಾಗಿ ಮೈ ದಣಿಸಿದ್ದವರಲ್ಲಿ.

ಕೋವಿಶೀಲ್ಡ್‌ನಿಂದ ರಕ್ತ ಹೆಪ್ಪುಗಟ್ಟುವುದು ನಿಜವೇ?
ಅತಿ ವಿರಳವಾಗಿ ನಿಜ. ರಕ್ತ ಹೆಪ್ಪುಗಟ್ಟಿ ಪ್ಲೇಟ್‌ಲೆಟ್ ಇಳಿಯುವ ಈ ತೊಂದರೆ 2021ರಲ್ಲಿಯೇ ಯುರೋಪಿನಲ್ಲಿ ಗುರುತಿಸಲ್ಪಟ್ಟಿತ್ತು. 2024ರಲ್ಲಿ ಬ್ರಿಟನ್ನಿನ ನ್ಯಾಯಾಲಯದ ಮೊಕದ್ದಮೆಯಲ್ಲಿ ಕಂಪನಿ ಇದನ್ನು ಒಪ್ಪಿದಾಗ ಮತ್ತೆ ಸುದ್ದಿಯಾಯಿತು. ಇದು ಸಾಮಾನ್ಯವಾಗಿ ಲಸಿಕೆ ಪಡೆದ ಕೆಲವು ವಾರಗಳ ಒಳಗೆ ಕಾಣಿಸಿಕೊಳ್ಳುವ ತೊಂದರೆ. 2021ರಲ್ಲಿ ಲಸಿಕೆ ಪಡೆದವರು ಈಗ ಅದಕ್ಕಾಗಿ ಹೆದರಬೇಕಾಗಿಲ್ಲ. ಎದೆನೋವು ಬಂದರೆ ಲಸಿಕೆಯನ್ನು ದೂರುತ್ತಾ ಮನೆಯಲ್ಲಿ ಕೂರದೆ, ತಡ ಮಾಡದೆ ಆಸ್ಪತ್ರೆಗೆ ಹೋಗಬೇಕು.

ಈಗ ಮತ್ತೆ ಕೊರೊನಾ ಬಂದರೆ?
2025ರ ಮೇ-ಜೂನ್‌ನಲ್ಲಿ ದೇಶದಲ್ಲಿ ಸಕ್ರಿಯ ಪ್ರಕರಣಗಳು 7,000 ದಾಟಿದ್ದವು, ಹೆಚ್ಚಿನವು ಸೌಮ್ಯವಾಗಿದ್ದವು. ಆದರೆ ವೃದ್ಧರು, ಮಧುಮೇಹ, ಮೂತ್ರಪಿಂಡ ಮತ್ತು ಶ್ವಾಸಕೋಶದ ಕಾಯಿಲೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಎಚ್ಚರದಿಂದಿರಬೇಕು. ಮಳೆಗಾಲದಲ್ಲಿ ನಮ್ಮ ಕಡೆಯ ಜ್ವರ ಡೆಂಗಿಯೋ ಇಲಿಜ್ವರವೋ ಆಗಿರಬಹುದು. ಎರಡು ದಿನ ಮೀರಿದ ಜ್ವರಕ್ಕೆ ಅಂಗಡಿಯ ಮಾತ್ರೆ ನುಂಗದೆ ವೈದ್ಯರಲ್ಲಿ ತೋರಿಸಬೇಕು.

ಧರ್ಮಕೇಂದ್ರಗಳು ಮಾಡಬಹುದಾದದ್ದು

ಮೂರು ಅಲೆಗಳಿಂದ ನಾವು ಕಲಿತದ್ದನ್ನು ಮರೆಯುವ ಮೊದಲು ಬರೆದಿಡುವುದು ಒಳ್ಳೆಯದು. ಪಾಲನಾ ಪರಿಷತ್ತುಗಳ ಪರಿಶೀಲನೆಗೆ ಕೆಲವು ಸಲಹೆಗಳು:

1. ಪ್ರತಿ ವಾರ್ಡಿನ ಗುರಿಕಾರರು ತಮ್ಮ ವಾರ್ಡಿನ 60 ಮೀರಿದವರ, ಒಂಟಿಯಾಗಿ ವಾಸಿಸುವವರ, ಹಾಸಿಗೆ ಹಿಡಿದವರ ಪಟ್ಟಿ ಇಡಲಿ. ಮಕ್ಕಳು ವಿದೇಶದಲ್ಲಿರುವ ಮನೆಗಳನ್ನು ವಿಶೇಷವಾಗಿ ಗುರುತಿಸಲಿ. ವರ್ಷಕ್ಕೊಮ್ಮೆ ಪಟ್ಟಿಯನ್ನು ಸರಿಪಡಿಸಲಿ.
2. ಆ ಪಟ್ಟಿ ಗೌಪ್ಯವಾಗಿರಲಿ. ಯಾರಿಗೆ ಯಾವ ಕಾಯಿಲೆ ಎಂಬುದು ಚರ್ಚಿನ ಅಂಗಳದ ಮಾತಾಗಬಾರದು.
3. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ಮತ್ತು ಆಶಾ ಕಾರ್ಯಕರ್ತೆಯರ ಸಂಪರ್ಕ ಧರ್ಮಗುರುಗಳ ಬಳಿ ಸದಾ ಇರಲಿ. ಲಸಿಕಾ ಶಿಬಿರಕ್ಕೆ ಸಭಾಭವನ ಕೊಡುವುದಾದರೆ ಎಲ್ಲ ಸಮುದಾಯದವರಿಗೂ ತೆರೆದಿರಲಿ.
4. ವಾಹನವಿರುವ ಯುವಕರ ಹೆಸರು ಬರೆದಿಡಲಿ. ಅಭಿಯಾನದ ಕಾಲದಲ್ಲಿ ಎಷ್ಟೋ ಹಿರಿಯರಿಗೆ ಲಸಿಕಾ ಕೇಂದ್ರಕ್ಕೆ ಹೋಗುವ ಜೀಪಿನ ಬಾಡಿಗೆಯೇ ಅಡ್ಡಿಯಾಗಿತ್ತು.
5. ಪ್ರತಿ ಧರ್ಮಕೇಂದ್ರದಲ್ಲಿ ಎರಡಾದರೂ ಪಲ್ಸ್ ಆಕ್ಸಿಮೀಟರ್ ಇರಲಿ. ಉಸಿರಾಟದ ಕಾಯಿಲೆಯಲ್ಲಿ ಆಮ್ಲಜನಕದ ಮಟ್ಟ 94ಕ್ಕಿಂತ ಕೆಳಗಿಳಿದರೆ ಕಾಯದೆ 108ಕ್ಕೆ ಕರೆ ಮಾಡಬೇಕೆಂದು ಎಲ್ಲರಿಗೂ ತಿಳಿದಿರಲಿ. ದೂರದ ಊರಿನವರು ಬೇಗ ಹೊರಡಬೇಕು.
6. ಆರೋಗ್ಯದ ಬಗ್ಗೆ ಬರುವ ವಾಟ್ಸ್ಆ್ಯಪ್ ಸಂದೇಶವನ್ನು ಧರ್ಮಕೇಂದ್ರದ ಗುಂಪಿಗೆ ಹಾಕುವ ಮೊದಲು ವೈದ್ಯರೊಬ್ಬರಲ್ಲಿ ಕೇಳುವ ನಿಯಮ ಮಾಡಿಕೊಳ್ಳಲಿ.
7. ಲಸಿಕೆ ಬೇಡವೆನ್ನುವವರನ್ನು ಗದರಿಸುವುದರಿಂದ ಫಲವಿಲ್ಲ. ಅವರ ಭಯ ಏನೆಂದು ಕೇಳಿ, ಅವರು ನಂಬುವ ಧರ್ಮಭಗಿನಿಯೋ ದಾದಿಯೋ ಹೋಗಿ ಮಾತನಾಡಲಿ.

ಮಕ್ಕಳ ನಿತ್ಯದ ಲಸಿಕೆಗಳ ಕಾರ್ಡನ್ನು ಪರಿಶೀಲಿಸುವ ಕೆಲಸವನ್ನೂ ಇದರೊಂದಿಗೆ ಸೇರಿಸಬಹುದು. ಪ್ರತಿ ವರ್ಷ ಫೆಬ್ರವರಿ 11ರಂದು, ಲೂರ್ದು ಮಾತೆಯ ಹಬ್ಬದಂದು, ಧರ್ಮಸಭೆ ವಿಶ್ವ ರೋಗಿಗಳ ದಿನವನ್ನು ಆಚರಿಸುತ್ತದೆ. ವಾರ್ಡಿನ ಪಟ್ಟಿಯನ್ನು ಹೊಸದಾಗಿ ಬರೆಯಲು ಇದಕ್ಕಿಂತ ತಕ್ಕ ದಿನ ಇನ್ನೊಂದಿಲ್ಲ.

ಸರಕಾರಿ ಲೆಕ್ಕದಲ್ಲಿ ಭಾರತದಲ್ಲಿ 5.3 ಲಕ್ಷಕ್ಕೂ ಹೆಚ್ಚು, ಕರ್ನಾಟಕದಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿ ಕೋವಿಡ್‌ನಿಂದ ತೀರಿಕೊಂಡರು. ಅವರಲ್ಲಿ ನಮ್ಮ ಧರ್ಮಕೇಂದ್ರಗಳವರೂ ಇದ್ದಾರೆ. ನಾಲ್ಕು ಜನ ಸೇರಿ ಮಣ್ಣು ಹಾಕಲೂ ಆಗದೆ ಅವರನ್ನು ಬೀಳ್ಕೊಟ್ಟ ಕುಟುಂಬಗಳ ನೋವು ಇನ್ನೂ ಮಾಸಿಲ್ಲ. ಅವರಿಗಾಗಿ ಪ್ರಾರ್ಥಿಸೋಣ. ಮುಂದಿನ ಅಲೆಯಲ್ಲಿ ನಮ್ಮ ಹಿರಿಯರಿಗೆ ಮಂಗಳೂರಿನ ದಾರಿ ಹಿಡಿಯುವ ಸ್ಥಿತಿ ಬಾರದಂತೆ ಊರಿನಲ್ಲಿಯೇ ಮಾಡಬೇಕಾದ ಕೆಲಸವನ್ನು ಈಗಲೇ ಮಾಡಿಡೋಣ.